ಎಲ್ಲರ ತೂಕವೂ ಐವತ್ತೈದು

ಅವರ ಬಗ್ಗೆ ಎರಡು ಪುಟ ಬರೆದುಕೊಡಿ ಎಂದು ಕೇಳಿದವರು ಆಸ್ಪತ್ರೆಯವರೇ. ದಾವಣಗೆರೆಯ ಆ ಖಾಸಗಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನಾನು ಏಳು ವರ್ಷ ನರ್ಸ್ ಆಗಿದ್ದೆ. ಅವರು ಅಲ್ಲಿಯ ಹಿರಿಯ ಡಾಕ್ಟರು. ನಿವೃತ್ತರಾಗುತ್ತಿದ್ದಾರೆ, ಅಭಿನಂದನಾ ಗ್ರಂಥ ಬರುತ್ತಿದೆ, ಜೊತೆಗೆ ಕೆಲಸ ಮಾಡಿದವರೆಲ್ಲ ನೆನಪು ಬರೆಯಬೇಕು. ಫೋನು ಮಾಡಿದವಳು ಈಗ ಅಲ್ಲಿರುವ ನರ್ಸು.

"ಅಕ್ಕಾ, ನೀವು ಬರೀಲೇಬೇಕ್ರಿ. ಸರ್ ಕೈಕೆಳಗೆ ಅಷ್ಟು ವರ್ಷ ಇದ್ದೋರು ಬ್ಯಾರೆ ಯಾರದಾರೆ?"

"ನಂಗೆ ಬರೆಯಾಕೆ ಬರಲ್ಲಮ್ಮ" ಅಂದು ಫೋನಿಟ್ಟೆ. ಬರೆದರೆ ಆಸ್ಪತ್ರೆಯವರು ಅಚ್ಚು ಹಾಕುವುದಿಲ್ಲ ಎಂದು ಹೇಳಬೇಕಿತ್ತು. ಈಗ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಗೊತ್ತಿರುವವರಿಗೆ ಹೆಸರು ಬೇಕಿಲ್ಲ, ಗೊತ್ತಿಲ್ಲದವರಿಗೆ ಅದರಿಂದ ಉಪಯೋಗವಿಲ್ಲ.

ಒಳ್ಳೆಯದನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಅವರಷ್ಟು ಚುರುಕಾದ ಡಾಕ್ಟರನ್ನು ನಾನು ಕಂಡಿಲ್ಲ. ಲಕ್ವ ಹೊಡೆದವರು ಬಂದಿದ್ದಾರೆ ಎಂದು ಫೋನು ಹೋದರೆ ನಿಜಲಿಂಗಪ್ಪ ಬಡಾವಣೆಯ ಮನೆಯಿಂದ ಅರ್ಧ ಊಟ ಬಿಟ್ಟು, ಚಪ್ಪಲಿಯಲ್ಲೇ ಬಂದುಬಿಡುತ್ತಿದ್ದರು. ಬಿಳಿ ಅರ್ಧ ತೋಳಿನ ಅಂಗಿ, ದಾರ ಕಟ್ಟಿ ಎದೆಯ ಮೇಲೆ ಇಳಿಬಿಟ್ಟ ಕನ್ನಡಕ. ರೋಗಿಯ ತಲೆದೆಸೆಗೆ ನಿಂತು ಹಣೆ ಸವರುತ್ತ, "ಯಾವೂರಮ್ಮಾ? ಗದ್ದೆಗೆ ಚಾನಲ್ ನೀರು ಬಿಟ್ರಾ? ನಾಟಿ ಮುಗೀತಾ?" ಎಂದು ಕೇಳುತ್ತಿದ್ದರು. ಹೆದರಿ ನಡುಗುತ್ತಿದ್ದ ಮನೆಯವರು ಆ ಮಾತಿಗೇ ಅರ್ಧ ಸಮಾಧಾನಗೊಳ್ಳುತ್ತಿದ್ದರು. ಬಾಯಿ ಯಾವ ಕಡೆ ಸೊಟ್ಟಗಾಗಿದೆ, ಎತ್ತಿದ ಕೈ ಎಷ್ಟು ಬೇಗ ಕೆಳಗೆ ಜಾರುತ್ತದೆ ಎಂದು ನೋಡಲು ನನಗೆ ಕಲಿಸಿದವರೂ ಅವರೇ. ಇಷ್ಟು ಸಾಕು.

ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ಲಕ್ವ ಹೊಡೆದರೆ, ಆ ಹೆಪ್ಪನ್ನು ಕರಗಿಸುವ ಒಂದು ಇಂಜೆಕ್ಷನ್ ಇದೆ. ನಾಲ್ಕೂವರೆ ಗಂಟೆಯೊಳಗೆ ಬಂದವರಿಗೆ, ಸ್ಕ್ಯಾನ್ ಮಾಡಿ ರಕ್ತಸ್ರಾವವಿಲ್ಲ ಎಂದು ಖಾತ್ರಿಯಾದ ಮೇಲೆ ಕೊಡುತ್ತಾರೆ. ಅದನ್ನು ತೂಕ ನೋಡಿ ಕೊಡಬೇಕು, ಕೆಜಿಗೆ ಪಾಯಿಂಟ್ ಒಂಬತ್ತು ಮಿಲಿಗ್ರಾಂ. ಅದರ ಹತ್ತನೇ ಒಂದು ಭಾಗವನ್ನು ಮೊದಲ ನಿಮಿಷದಲ್ಲಿ ಕೈಯಿಂದ ಹಾಕಿ, ಉಳಿದದ್ದನ್ನು ಪಂಪಿನಲ್ಲಿ ಒಂದು ಗಂಟೆ ಬಿಡಬೇಕು. ಕಡಿಮೆಯಾದರೆ ಹೆಪ್ಪು ಪೂರ್ತಿ ಕರಗದೆ ಉಳಿಯಬಹುದು. ಹೆಚ್ಚಾದರೆ ಮಿದುಳಿನೊಳಗೇ ರಕ್ತ ಸೋರಬಹುದು. ನರ್ಸಿಂಗ್ ಓದಿದ ಯಾವ ಹುಡುಗಿಯೂ ಒಂದು ನಿಮಿಷದಲ್ಲಿ ಮಾಡಬಲ್ಲ ಲೆಕ್ಕ.

ಅವರು ಈ ಲೆಕ್ಕ ಮಾಡುತ್ತಿರಲಿಲ್ಲ. ಒಂದು ಬಾಟಲಿಯಲ್ಲಿ ಐವತ್ತು ಮಿಲಿಗ್ರಾಂ ಇರುತ್ತದೆ. ಯಾರೇ ಬರಲಿ, "ಒಂದು ಬಾಟ್ಲು, ಸಿಸ್ಟರ್. ಮುಗೀತು." ದಪ್ಪಗಿದ್ದವರಿಗೂ ಒಂದು, ಎಲುಬಿನ ಹಂದರದಂತಿದ್ದವರಿಗೂ ಒಂದು.

ಮೊದಲ ವರ್ಷ ಇದು ನನ್ನ ಗಮನಕ್ಕೇ ಬಂದಿರಲಿಲ್ಲ. ಒಂದು ಮಧ್ಯಾಹ್ನ ಹಳೆಯ ಕೇಸ್ ಶೀಟುಗಳನ್ನು ಜೋಡಿಸುತ್ತ ಕೂತಿದ್ದಾಗ ತೂಕದ ಕಾಲಂ ಕಣ್ಣಿಗೆ ಬಿತ್ತು. ಐವತ್ತೈದು. ಮುಂದಿನದರಲ್ಲೂ ಐವತ್ತೈದು. ಅದರ ಮುಂದಿನದರಲ್ಲೂ. ಐವತ್ತು ಮಿಲಿಗ್ರಾಂ ಸರಿಹೊಂದುವುದು ಸುಮಾರು ಐವತ್ತೈದು ಕೆಜಿ ಇರುವವರಿಗೆ. ತೂಕ ನೋಡಿ ಔಷಧಿ ಕೊಡುವ ಬದಲು ಕೊಟ್ಟ ಔಷಧಿ ನೋಡಿ ತೂಕ ಬರೆದಿದ್ದರು. ಹರಿಹರದ ಮೇಷ್ಟ್ರು, ದಾವಣಗೆರೆಯ ಬಟ್ಟೆ ಅಂಗಡಿಯ ಯಜಮಾನರು, ಹೊನ್ನಾಳಿ ಕಡೆಯ ಮುದುಕಿ ಎಲ್ಲರೂ ಐವತ್ತೈದು. ನಕ್ಕುಬಿಟ್ಟೆ. ನಕ್ಕದ್ದಕ್ಕೆ ಈಗ ನಾಚಿಕೆಯಾಗುತ್ತದೆ.

ಕೆಲವು ದಿನ ಕಳೆದ ಮೇಲೆ, ಒಬ್ಬ ಭಾರಿ ಮೈಯ ರೋಗಿಯ ಮನೆಯವರೆಲ್ಲ ಸುತ್ತ ನಿಂತಿದ್ದಾಗ ಧೈರ್ಯ ಮಾಡಿ ಕೇಳಿದೆ. "ಸರ್, ಇವರಿಗೆ ಇನ್ನೊಂದು ಬಾಟ್ಲು ಒಡೀಬೇಕಾಗಲ್ವಾ?"

ಅವರು ಬೈಯಲಿಲ್ಲ. ಅವರು ಯಾರಿಗೂ ಬೈದವರಲ್ಲ. ಕನ್ನಡಕ ಏರಿಸಿ ನನ್ನನ್ನು ನೋಡಿ, ಮನೆಯವರ ಕಡೆ ತಿರುಗಿ ನಕ್ಕರು. "ನಮ್ಮ ಸಿಸ್ಟರ್‌ಗೆ ಡಾಕ್ಟರಾಗೋ ಆಸೆ ಇತ್ತು. ಸೀಟು ಸಿಗಲಿಲ್ಲ, ಪಾಪ." ಎಲ್ಲರೂ ನಕ್ಕರು. ಹಾಸಿಗೆಯ ಮೇಲೆ ಮಲಗಿದ್ದ ಆ ಮನುಷ್ಯನೂ ಸೊಟ್ಟ ಬಾಯಲ್ಲಿ ನಗಲು ನೋಡಿದ. ಆಮೇಲೆ ನನಗೆ ಮಾತ್ರ ಕೇಳುವಂತೆ, "ಲೆಕ್ಕ ಹಾಕ್ತಾ ಕೂತ್ರೆ ಮಿದುಳು ಸಾಯ್ತದಮ್ಮಾ" ಅಂದರು. ಈ ಮಾತನ್ನು ಅವರು ಹೊಸದಾಗಿ ಬಂದ ಪ್ರತಿಯೊಬ್ಬರಿಗೂ ಹೇಳುತ್ತಿದ್ದರು, ಅದನ್ನು ಬುದ್ಧಿವಂತಿಕೆ ಎಂದು ಎಲ್ಲರೂ ಬರೆದಿಟ್ಟುಕೊಳ್ಳುತ್ತಿದ್ದರು. ಚಾನಲ್ ನೀರಿನ ವಿಚಾರಕ್ಕೆ ಮೂರು ನಿಮಿಷ ಇರುತ್ತಿತ್ತು. ತೂಕ ಕೇಳಲು ಇರುತ್ತಿರಲಿಲ್ಲ.

ಒಬ್ಬ ಎಳೆಯ ಡ್ಯೂಟಿ ಡಾಕ್ಟರು ಓಪಿಡಿಯಿಂದ ತೂಕದ ಮಷೀನು ತಂದು ತುರ್ತು ವಿಭಾಗದ ಬಾಗಿಲಲ್ಲಿ ಇಟ್ಟಿದ್ದರು. ನಿಲ್ಲಲಾಗದವರನ್ನು ಎತ್ತಿಕೊಂಡು ನಿಂತು, ಎತ್ತಿದವರ ತೂಕ ಕಳೆದರೆ ಆಯಿತು ಎಂದು ನಮಗೆ ತೋರಿಸಿಕೊಟ್ಟಿದ್ದರು. ಮಾರನೆಯ ದಿನ ಹಿರಿಯ ಡಾಕ್ಟರು ಬಂದು ನೋಡಿ, "ಇದನ್ನ ಕ್ಯಾಂಟೀನಿಗೆ ಕಳಿಸ್ರಿ, ಈರುಳ್ಳಿ ತೂಗಲಿ" ಅಂದರು. ನಿಜವಾಗಿಯೂ ಕಳಿಸಿದರು. ಆ ಎಳೆಯ ಡಾಕ್ಟರು ಎರಡು ತಿಂಗಳಲ್ಲಿ ಬೇರೆ ಊರಿಗೆ ಹೋದರು.

ಯಾಕೆ ಹೀಗೆ ಎಂದು ಹಳೆಯ ಆಯಾ ಒಬ್ಬಳು ಒಮ್ಮೆ ಹೇಳಿದಳು. "ಮೊದ್ಲು ಹಿಂಗಿರಲಿಲ್ಲವ್ವ. ಒಬ್ಬನಿಗೆ ಪೂರ್ತಿ ಡೋಸು ಕೊಟ್ಟಿದ್ರು, ತಲಿಯಾಗೆ ರಕ್ತ ಆಗಿ ಸತ್ತ. ಅವರ ಕಡೇರು ಬಂದು ಗಾಜೆಲ್ಲ ಒಡದು, ಇವರ ಅಂಗಿ ಹಿಡಕಂಡು ಎಳದಾಡಿದ್ರು. ಆವತ್ತಿಂದ ಒಂದೇ ಬಾಟ್ಲು." ಆ ದಿನ ನನಗೆ ಅವರ ಮೇಲೆ ಕನಿಕರ ಬಂದದ್ದು ನಿಜ. ಮೈಮೇಲೆ ಕೈ ಬಿದ್ದವನ ಭಯ ಸುಳ್ಳಲ್ಲ. ಆದರೆ ಆ ಭಯವನ್ನು ಅವರು ಅನುಭವ ಎಂದು ಕರೆದರು, ನಮಗೆ ಪಾಠ ಮಾಡಿದರು. "ನನ್ನ ಕೈಯಲ್ಲಿ ಬ್ಲೀಡಿಂಗ್ ಆಗಲ್ಲ" ಎಂದು ಹೇಳಿಕೊಳ್ಳುತ್ತಿದ್ದರು. ಆಗುತ್ತಿರಲಿಲ್ಲ ಕೂಡ, ಬಹಳ ವರ್ಷ. ಅದಕ್ಕೆ ಬೆಲೆ ತೆತ್ತವರು ಯಾರು ಎಂದು ಯಾರೂ ಕೇಳಲಿಲ್ಲ.

ಮಲೆಬೆನ್ನೂರಿನ ಅಕ್ಕಿ ಗಿರಣಿಯಲ್ಲಿ ಚೀಲ ಹೊರುವ ಹಮಾಲನೊಬ್ಬ ಬಂದ. ನಲವತ್ತು ದಾಟಿರಲಿಲ್ಲ. ಲಕ್ವ ಹೊಡೆದು ಎರಡು ಗಂಟೆಯೂ ಆಗಿರಲಿಲ್ಲ. ಗಿರಣಿಯವರೇ ಕಾರಿನಲ್ಲಿ ಹಾಕಿಕೊಂಡು ಬಂದಿದ್ದರು. ಮಾತು ನಿಂತಿತ್ತು, ಬಲಗೈ ಸ್ವಲ್ಪ ಮಾತ್ರ ಎತ್ತುತ್ತಿದ್ದ. ನಾನು ಹೆಂಡತಿಯನ್ನು ಪಕ್ಕಕ್ಕೆ ಕರೆದು ತೂಕ ಕೇಳಿದೆ.

"ಮೊನ್ನೆ ಮಿಲ್ಲಿನ ಕಾಟಾದ ಮ್ಯಾಲೆ ಎಲ್ರೂ ನಗಾಡ್ತಾ ನಿಂತಿದ್ರಂತ್ರಿ. ಎಂಬತ್ತೆರಡು ಬಂತು ಅಂತ ಹೇಳಿದ್ರು."

ಎಂಬತ್ತೆರಡಕ್ಕೆ ಸುಮಾರು ಎಪ್ಪತ್ನಾಲ್ಕು ಮಿಲಿಗ್ರಾಂ ಬೇಕು. ಹೇಳಿದೆ. "ಒಂದು ಬಾಟ್ಲು" ಅಂದರು. ಒಂದು ಬಾಟಲಿ ಹೋಯಿತು.

ಹತ್ತು ದಿನಕ್ಕೆ ಅವನು ಮನೆಗೆ ಹೋಗುವಾಗ ಬಲಗೈ ಜೋತಾಡುತ್ತಿತ್ತು, ಕಾಲು ಎಳೆಯುತ್ತಿದ್ದ. ಬಾಯಲ್ಲಿ ಬರುತ್ತಿದ್ದದ್ದು "ಹೂಂ" ಒಂದೇ. ಹೆಂಡತಿ ಡಾಕ್ಟರ ಕಾಲಿಗೆ ಬಿದ್ದಳು. "ಜೀವ ಉಳಿಸಿದ್ರಿ ಸಾಹೇಬ್ರೆ, ನಮ್ಮನಿ ದೇವ್ರು ನೀವು." ಅವರು ಅವಳನ್ನು ಎಬ್ಬಿಸಿ, ಕನ್ನಡಕ ಒರೆಸಿಕೊಂಡು, "ನಂದೇನೈತಮ್ಮಾ, ಎಲ್ಲಾ ಮೇಲಿನವನದು" ಅಂದರು.

ಪೂರ್ತಿ ಡೋಸು ಕೊಟ್ಟಿದ್ದರೆ ಅವನ ಕೈ ಬರುತ್ತಿತ್ತೇ? ನನಗೆ ಗೊತ್ತಿಲ್ಲ. ಸರಿಯಾಗಿ ಕೊಟ್ಟರೂ ಎಷ್ಟೋ ಜನಕ್ಕೆ ಬರುವುದಿಲ್ಲ. ನನ್ನ ಸಿಟ್ಟು ಇರುವುದೇ ಅಲ್ಲಿ. ಬರುತ್ತಿತ್ತೋ ಇಲ್ಲವೋ ಎಂದು ಯಾರಿಗೂ ಎಂದೂ ಗೊತ್ತಾಗದ ಹಾಗೆ ಮಾಡಿ, ಆಮೇಲೆ ಕೈ ಮುಗಿಸಿಕೊಂಡರು.

ನಂದಿಗುಡಿಯ ಅಜ್ಜಿ ಬಂದದ್ದು ಅದಾದ ಮೇಲೆ, ಈಗ್ಗೆ ನಾಲ್ಕು ವರ್ಷದ ಹಿಂದೆ. ಬೆಳಿಗ್ಗೆ ಹನ್ನೊಂದರ ಸುಮಾರು. ಮಗ ಗಾಡಿ ಓಡಿಸಿಕೊಂಡು ಬಂದಿದ್ದ, ಮಗಳು ಅವ್ವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ನಮ್ಮ ಆಯಾ ಒಬ್ಬಳೇ ಆ ಅಜ್ಜಿಯನ್ನು ಮಗುವನ್ನು ಎತ್ತಿದ ಹಾಗೆ ಎತ್ತಿ ಹಾಸಿಗೆಗೆ ಹಾಕಿದಳು. ಎಡಗೈ ಎಡಗಾಲು ಬಿದ್ದುಹೋಗಿದ್ದವು, ಮಾತು ತೊದಲಿದರೂ ಬರುತ್ತಿತ್ತು. ಡಾಕ್ಟರು ಬಂದರು, ಹಣೆ ಸವರಿದರು.

"ನಂದಿಗುಡಿನಾ? ಮಠದ ಹತ್ರಾನಾ ಮನೆ?"

"ಹೂಂನಪ್ಪಾ" ಅಂದಳು ಅಜ್ಜಿ.

ನಾನು ಕೇಳದೆಯೇ ಮಗಳು ಹೇಳಿದಳು, "ಅಕ್ಕಾರೆ, ನಮ್ಮವ್ವ ಭಾಳ ಸಣಕಲದಾಳೆ. ಹೋದ ವಾರ ಊರಾಗೆ ಕ್ಯಾಂಪ್ ಹಾಕಿದ್ರು, ಮೂವತ್ತೆಂಟು ಕೆಜಿ ಬಂದಾಳೆ. ನೋಡಿ ಔಷ್ದಿ ಕೊಡ್ರಿ." ನಾನು ನರ್ಸಿನ ಹಾಳೆಯಲ್ಲಿ ಮೂವತ್ತೆಂಟು ಎಂದು ಬರೆದೆ. ಅಂಗೈ ಮೇಲೆ ಪೆನ್ನಿನಲ್ಲಿ ಲೆಕ್ಕ ಹಾಕಿದೆ. ಮೂವತ್ತನಾಲ್ಕು ಮಿಲಿಗ್ರಾಂ.

"ಸರ್, ಮೂವತ್ತೆಂಟು ಕೆಜಿ. ಮೂವತ್ತನಾಲ್ಕು ಸಾಕಾಗ್ತದೆ."

ಅವರು ಸ್ಕ್ಯಾನ್ ನೋಡುತ್ತಿದ್ದರು. ತಲೆ ಎತ್ತಲಿಲ್ಲ. "ಒಂದು ಬಾಟ್ಲು, ಸಿಸ್ಟರ್."

ಇಲ್ಲಿಂದ ಮುಂದಿನದು ಅವರೊಬ್ಬರ ಚಿತ್ರವಲ್ಲ, ನನ್ನದೂ ಹೌದು. ಬಾಟಲಿ ಒಡೆದವಳು ನಾನು. ನೊರೆ ಬರದಂತೆ ಮೆಲ್ಲಗೆ ತಿರುಗಿಸಿ ಕರಗಿಸಿದವಳು ನಾನು. ಐದು ಮಿಲಿ ಕೈಯಿಂದ ಹಾಕಿ, ಉಳಿದ ನಲವತ್ತೈದನ್ನು ಪಂಪಿಗೆ ಏರಿಸಿದವಳೂ ನಾನೇ. ಇಪ್ಪತ್ತೈದನೇ ನಿಮಿಷಕ್ಕೆ ಅಜ್ಜಿಯ ಎಡಗೈ ಬೆರಳು ಆಡಿದವು. "ಅವ್ವಾ, ಕೈ ಬಂತು ನೋಡು!" ಎಂದು ಮಗಳು ಅಳುತ್ತ ನಗುತ್ತ ಕೂಗಿದಳು. ಡಾಕ್ಟರು ಬಂದು ಆ ಬೆರಳು ಹಿಡಿದು, "ಜೋರಾಗಿ ಹಿಡಿ, ನನ್ನ ಕೈ ಮುರೀಬೇಕು" ಅಂದರು. ಅಜ್ಜಿ ಹಿಡಿದಳು.

ಮೂವತ್ತೊಂಬತ್ತನೇ ನಿಮಿಷಕ್ಕೆ ಅವಳ ಮೈಗೆ ಎಷ್ಟು ಬೇಕೋ ಅಷ್ಟು ಹೋಗಿಯಾಗಿತ್ತು. ಪಂಪಿನ ಪರದೆಯ ಮೇಲೆ ಅಂಕಿ ಓಡುತ್ತಿತ್ತು, ನಿಲ್ಲಿಸುವ ಗುಂಡಿ ನನ್ನ ಬೆರಳಿನಿಂದ ಒಂದು ಗೇಣು ದೂರದಲ್ಲಿತ್ತು. ಉಳಿದ ಇಪ್ಪತ್ತೊಂದು ನಿಮಿಷ ನಾನು ಅಲ್ಲೇ ನಿಂತಿದ್ದೆ. ಒತ್ತಲಿಲ್ಲ.

ಮಧ್ಯಾಹ್ನ ಎರಡೂವರೆಗೆ ಅಜ್ಜಿ, "ತಲಿ ಸಿಡೀತೈತೆ" ಅಂದಳು. ವಾಂತಿ ಮಾಡಿದಳು. ಮಗಳ ಕೈಯಲ್ಲಿದ್ದ ಬೆರಳು ಸಡಿಲವಾದವು. ಮತ್ತೆ ಸ್ಕ್ಯಾನ್ ಮಾಡಿದಾಗ ಮಿದುಳಿನ ಬಲಭಾಗದಲ್ಲಿ ಬೆಳ್ಳಗೆ ರಕ್ತ ತುಂಬಿತ್ತು. ಮೂರನೇ ದಿನ ತೀರಿಕೊಂಡಳು.

ಮಗ ಮಗಳನ್ನು ಅವರು ತಮ್ಮ ಕೋಣೆಗೆ ಕರೆಸಿ ಬಾಗಿಲು ಹಾಕಿಕೊಂಡು ಮಾತಾಡಿದರು. ಕರೆಸುವ ಮುಂಚೆ ಕನ್ನಡಿ ನೋಡಿ ತಲೆ ಬಾಚಿಕೊಂಡರು. ಹೊರಗೆ ಬರುವಾಗ ಡಾಕ್ಟರ ಕಣ್ಣಲ್ಲಿ ನೀರಿತ್ತು. ನಟನೆ ಎಂದು ಹೇಳಲು ನನಗೆ ಇಷ್ಟ, ಆದರೆ ನಟನೆಯಾಗಿರಲಿಲ್ಲ. ನಿಜವಾಗಿ ಅತ್ತಿದ್ದರು. ಅವತ್ತಿನಿಂದ ಅವರ ಮುಖ ನೋಡುವುದೂ ನನಗೆ ಕಷ್ಟವಾಯಿತು.

ಸಂಜೆ ನನ್ನನ್ನು ಕರೆದರು.

"ತೂಕ ಬರೆದಿದ್ದು ಯಾರಮ್ಮಾ?"

"ನಾನೇ ಸರ್."

"ನೀನು ತೂಗಿದ್ಯಾ?"

"ಮಗಳು ಹೇಳಿದ್ರು."

"ಮಗಳು ಹೇಳಿದ್ದೆಲ್ಲಾ ದಾಖಲೆ ಆಗ್ತದಾ? ಹಾಳೆ ಬದಲಾಯಿಸು." ದನಿ ಎತ್ತಲಿಲ್ಲ. ಹೊಸ ಹಾಳೆಯನ್ನು ಮುಂದಕ್ಕೆ ತಳ್ಳಿ, ತಮ್ಮ ಪೆನ್ನನ್ನೇ ಕೊಟ್ಟರು. ನಾನು ಅಲ್ಲೇ ಕುರ್ಚಿಯಲ್ಲಿ ಕೂತು ಇಡೀ ಹಾಳೆಯನ್ನು ನಕಲು ಮಾಡಿದೆ. ತೂಕ ಐವತ್ತೈದು ಎಂದು ಬರೆದೆ. ಕೆಲಸ ಬೇಕಿತ್ತು. ಅದಕ್ಕಿಂತ ದೊಡ್ಡ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ.

ಆರು ತಿಂಗಳಿಗೆ ಕೆಲಸ ಬಿಟ್ಟು ಹರಿಹರದ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಸೇರಿದೆ. ಬಿಡುವಾಗ ಅವರು ಕೊಟ್ಟ ಪತ್ರದಲ್ಲಿ "ಶಿಸ್ತಿನ, ನಂಬಿಕಸ್ಥ ನರ್ಸ್" ಎಂದಿತ್ತು.

ಅಭಿನಂದನಾ ಗ್ರಂಥದ ಫೋನು ಬಂದ ವಾರ ನನಗೆ ಊಟ ಸೇರಲಿಲ್ಲ. ಊರೆಲ್ಲ ಫ್ಲೆಕ್ಸು ಕಟ್ಟಿದ್ದರು, ಕೈ ಮುಗಿದು ನಿಂತ ಡಾಕ್ಟರ ಫೋಟೋ. ಭಾನುವಾರ ಬೆಳಿಗ್ಗೆ ಮಲೆಬೆನ್ನೂರಿಗೆ ಹೋಗಿ, ಅಲ್ಲಿಂದ ಬಸ್ಸು ಬದಲಿಸಿ ನಂದಿಗುಡಿಗೆ ಹೋದೆ. ಮಠದ ಹತ್ತಿರ ಕೇಳಿದರೆ ಮನೆ ತೋರಿಸಿದರು. ಮಗಳು ಅಂಗಳದಲ್ಲಿ ಭತ್ತ ಕೇರುತ್ತಿದ್ದಳು. ಗುರುತು ಹಿಡಿದಳು.

"ಬರ್ರಿ ಅಕ್ಕಾರೆ, ಕೂಡ್ರಿ. ಇತ್ಲಾಗೆ ಯಾರ್ನ ನೋಡಾಕೆ ಬಂದ್ರಿ?"

"ನಿಮ್ಮನ್ನೇ" ಅಂದೆ. ನಿಂತುಕೊಂಡೇ ಎಲ್ಲ ಹೇಳಿದೆ. ಮೂವತ್ತೆಂಟು, ಮೂವತ್ತನಾಲ್ಕು, ಬಾಟಲಿ, ಪಂಪು, ಹಾಳೆ.

ಅವಳು ಮೊರ ಕೆಳಗಿಟ್ಟಳು. "ಆವತ್ತೇ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

ಬೈಯುತ್ತಾಳೆ, ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದೆ. ಅವಳು ಬೇರೆಯೇ ಹೇಳಿದಳು. "ಕೋಣೆಯಾಗೆ ಆ ಡಾಕ್ಟ್ರು ನಮಗೇನಂದ್ರು ಗೊತ್ತೈತಾ? ಇನ್ನೊಂದು ಅರ್ಧ ತಾಸು ಮೊದ್ಲು ಕರ್ಕಂಡ್ ಬಂದಿದ್ರೆ ನಿಮ್ಮವ್ವ ಉಳೀತಿದ್ಲು, ತಡ ಮಾಡಿದ್ರಿ ಅಂದ್ರು. ನಮ್ಮಣ್ಣ ಗಾಡಿ ತರಾಕೆ ಹೋದಾವ ಡೀಸೆಲ್ ಹಾಕ್ಸಾಕೆ ನಿಂತಿದ್ದ. ಅವ್ವನ್ನ ಕೊಂದೋನು ನೀನೇ ಅಂತ ಮಣ್ಣು ಮಾಡೋ ದಿನ ಎಲ್ರೆದುರಿಗೆ ಅಂದೆ. ನಾಲ್ಕು ವರ್ಸ ಆತು, ಅವ ಈ ಬಾಗ್ಲು ತುಳದಿಲ್ಲ. ಓಣಿ ಆಚೀಗೆ ಅವನ ಮನಿ."

ನಾಲ್ಕೂವರೆ ಗಂಟೆಯ ಗಡುವಿರುವಾಗ ಮಕ್ಕಳು ಅವ್ವನನ್ನು ಕರೆತಂದದ್ದು ಎರಡು ಗಂಟೆಯೊಳಗೆ. ಗಾಡಿ ತಡವಾಗಿರಲಿಲ್ಲ. ಆ ಡಾಕ್ಟರು ತಲೆ ಬಾಚಿಕೊಂಡು, ಅಳುತ್ತಲೇ, ತಮ್ಮ ತಪ್ಪನ್ನು ತಾಯಿ ಸತ್ತ ಮಕ್ಕಳ ಮಡಿಲಿಗೆ ಹಾಕಿ ಕಳಿಸಿದ್ದರು. ನಾನು ಇದನ್ನು ಹೇಳಿದಾಗ ಅವಳು ಎದ್ದು ಓಣಿಗೆ ಹೋದಳು. ಅಣ್ಣನ ಮನೆಯ ಬಾಗಿಲಲ್ಲಿ ನಿಂತು ಏನು ಹೇಳಿದಳೋ ನನಗೆ ಕೇಳಲಿಲ್ಲ. ಅವನು ಹೆಗಲ ಮೇಲಿನ ಟವೆಲು ಕೈಗೆ ತೆಗೆದುಕೊಂಡು ಬಂದ. ತಂಗಿಯ ಹೊಸಿಲಿನ ಹೊರಗೇ ನಿಂತ.

"ಒಳಗ ಬಾರಣ್ಣಾ" ಅಂದಳು.

ಅವನು ಬರಲಿಲ್ಲ. ನನ್ನ ಮುಖ ನೋಡಿ, "ಮೊದ್ಲಿಂದ ಹೇಳ್ರಿ" ಅಂದ. ಮೊದಲಿನಿಂದ ಹೇಳಿದೆ. ಕೇಳುತ್ತ ಕೇಳುತ್ತ ಅವನು ಹೊಸಿಲ ಮೇಲೇ ಕೂತ.

ಅವತ್ತೇ ಎಲ್ಲವನ್ನೂ ಬರೆದು, ನಕಲು ಮಾಡಿದ ಹಾಳೆ ನನ್ನ ಕೈಬರಹದ್ದೇ ಎಂದೂ ಸೇರಿಸಿ, ಸಹಿ ಮಾಡಿ ಕೊಟ್ಟೆ. ಅದನ್ನು ಲಗತ್ತಿಸಿ ಅಣ್ಣ ತಂಗಿ ಜಿಲ್ಲಾ ಆರೋಗ್ಯಾಧಿಕಾರಿಗೆ ದೂರು ಕೊಟ್ಟರು. ಸನ್ಮಾನ ನಡೆದೇ ನಡೆಯಿತು, ಪೇಟ ಸುತ್ತಿದರು, ಗ್ರಂಥ ಬಿಡುಗಡೆಯಾಯಿತು. ವಿಚಾರಣೆಯ ನೋಟೀಸು ಹೋದ ಮೇಲೆ ಡಾಕ್ಟರೇ ನನಗೆ ಫೋನು ಮಾಡಿದರು. "ನಿನ್ನ ಕೆಲಸಾನೂ ಹೋಗ್ತದಮ್ಮಾ, ಯೋಚನೆ ಮಾಡಿದ್ಯಾ?" ಹೋಗಬಹುದು. ನನ್ನ ನರ್ಸಿಂಗ್ ರಿಜಿಸ್ಟ್ರೇಷನ್ ಅಮಾನತಾಗಬಹುದು ಎಂದು ನನಗೂ ಪತ್ರ ಬಂದಿದೆ. ಅದು ಅನ್ಯಾಯ ಎಂದು ನಾನು ಹೇಳುವುದಿಲ್ಲ. ತೀರ್ಪು ಇನ್ನೂ ಬಂದಿಲ್ಲ.

ವಿಚಾರಣೆಯ ದಿನ ಅಣ್ಣ ತಂಗಿ ಒಂದೇ ಬೈಕಿನಲ್ಲಿ ದಾವಣಗೆರೆಗೆ ಬಂದಿದ್ದರು. ಕಚೇರಿಯ ಹೊರಗೆ ಬೆಂಚಿನ ಮೇಲೆ ಮೂವರೂ ಕೂತಿದ್ದೆವು, ಅವರಿಬ್ಬರೂ ನನ್ನ ಜೊತೆ ಮಾತಾಡಲಿಲ್ಲ. ಡಾಕ್ಟರು ಬಂದರು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಿಂದೆ ವಕೀಲರು. ನಮ್ಮ ಮುಂದೆ ನಿಂತು, ಬಹಳ ದಿನದ ನೆಂಟರನ್ನು ಕಂಡವರಂತೆ ಎರಡೂ ಕೈ ಜೋಡಿಸಿದರು. "ಚೆನ್ನಾಗಿದ್ದೀರಾ? ಚಾನಲ್ ನೀರು ಬಿಟ್ರಾ?"

ಅಭ್ಯಾಸಬಲದಿಂದ ಅಣ್ಣನ ಕೈಗಳು ಮೇಲೇಳುತ್ತಿದ್ದವು. ತಂಗಿ ಅವನ ಮಣಿಕಟ್ಟು ಹಿಡಿದು, ಮೆಲ್ಲಗೆ ಅವನ ತೊಡೆಯ ಮೇಲೆ ಇಳಿಸಿ, ಅಲ್ಲೇ ಒತ್ತಿ ಹಿಡಿದುಕೊಂಡಳು.